ಬೆನ್ನಿಗೆ ಬಿದ್ದವರ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯದ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಣ್ಣುಮಗಳೊಬ್ಬಳಿಗೆ ‘ನೀವು ಎಷ್ಟು ಮಂದಿ ಅಕ್ಕತಂಗೇರು ಅದೀರಿ?’ ಎಂದು ಕೇಳಿದರೆ ‘ಮೂರು ಮಂದಿ ಅದೀವ್ರಿ’ ಎನ್ನುವಂಥ ಉತ್ತರ ಬರುತ್ತದೆ. ಪ್ರಶ್ನೆಯನ್ನು ತುಸು ತಿರುಗಿಸಿ ‘ನಿಮ್ಮವ್ವ ಎಷ್ಟು ಹಡದಾಳ?’ ಎಂದರೆ ಲೆಕ್ಕದ ರೂಪವೇ ಬೇರೆ: ‘ಎಂಟು ಹಡದಾಳ್ರಿ, ಐದು ಉಳದಾವ.’ ಎರಡರಲ್ಲೂ ಸುಳ್ಳಿಲ್ಲ. ಮೊದಲನೆಯದು ಇರುವವರ ಎಣಿಕೆ. ‘ಅದೀವಿ’ ಎಂಬ ಕ್ರಿಯಾಪದದಲ್ಲಿ ಸತ್ತವರಿಗೆ ಜಾಗವೇ ಇಲ್ಲ. ಎರಡನೆಯದರಲ್ಲಿ ಹಡೆದದ್ದು, ಉಳಿದದ್ದು ಎಂಬ ಎರಡು ಕಾಲಂಗಳು ಯಾರೂ ಗೆರೆ ಎಳೆಯದೆಯೇ ಬಿದ್ದಿವೆ. ಜನಸಂಖ್ಯಾಶಾಸ್ತ್ರಜ್ಞರು ಮೂವತ್ತೈದು ವರ್ಷಗಳಿಂದ ತಲೆಕೆಡಿಸಿಕೊಂಡಿರುವ ಪ್ರಶ್ನೆ ಇದೇ. ಒಡಹುಟ್ಟಿದವರಲ್ಲಿ ಯಾರು ಬದುಕಿದ್ದಾರೆ, ಯಾರು ತೀರಿಕೊಂಡರು ಎಂದು ಸಮೀಕ್ಷೆಯಲ್ಲಿ ಕೇಳಿ ಪಡೆದ ಪಟ್ಟಿ ಎಷ್ಟರ ಮಟ್ಟಿಗೆ ಪೂರ್ಣ? ಎಲ್ಲ ಹೆಸರೂ ಅದರಲ್ಲಿ ಬಂದಿವೆಯೇ, ಬಿಟ್ಟುಹೋದವರು ಯಾರು, ಹಾಗೆ ಬಿಟ್ಟುಹೋದದ್ದರಿಂದ ಸಾವಿನ ಪ್ರಮಾಣ ಯಾವ ಕಡೆಗೆ ವಾಲುತ್ತದೆ?

ಈ ಪದ್ಧತಿಯ ಹುಟ್ಟು ಬಡ ದೇಶಗಳ ಅನಿವಾರ್ಯದಲ್ಲಿದೆ. ಸಾವಿನ ನೋಂದಣಿಯೇ ಸರಿಯಾಗಿಲ್ಲದ ಕಡೆ ಹೆರಿಗೆಯಲ್ಲಿ ಸಾಯುವ ಹೆಂಗಸರನ್ನು ಎಣಿಸುವುದು ಹೇಗೆ? ವೆಂಡಿ ಗ್ರಹಾಂ, ವಿಲಿಯಂ ಬ್ರಾಸ್, ರಾಬರ್ಟ್ ಸ್ನೋ ಎಂಬ ಮೂವರು 1989ರಲ್ಲಿ ಒಂದು ಸರಳ ದಾರಿ ತೋರಿಸಿದರು. ಅದಕ್ಕೂ ಮೊದಲು ಆಫ್ರಿಕಾದ ಗ್ಯಾಂಬಿಯಾದಲ್ಲಿ ಅದನ್ನು ಪರೀಕ್ಷಿಸಿದ್ದರು. ಕೇಳುವುದು ನಾಲ್ಕೇ ಪ್ರಶ್ನೆ: ಒಂದೇ ತಾಯಿಗೆ ಹುಟ್ಟಿದ ನಿಮ್ಮ ಅಕ್ಕತಂಗಿಯರಲ್ಲಿ ಎಷ್ಟು ಮಂದಿ ಪ್ರಾಯಕ್ಕೆ ಬಂದರು, ಈಗ ಎಷ್ಟು ಮಂದಿ ಬದುಕಿದ್ದಾರೆ, ಎಷ್ಟು ಮಂದಿ ಸತ್ತರು, ಅವರಲ್ಲಿ ಬಸುರಿಯಾಗಿದ್ದಾಗ, ಹೆರಿಗೆಯಲ್ಲಿ, ಬಾಣಂತಿಯಾಗಿದ್ದಾಗ ಸತ್ತವರೆಷ್ಟು. ಒಂದು ಮನೆಯ ಬಾಗಿಲು ತಟ್ಟಿದರೆ ಮೂರ್ನಾಲ್ಕು ಜೀವಗಳ ಸುದ್ದಿ ಸಿಗುತ್ತದೆ; ಸಮೀಕ್ಷೆಯ ಖರ್ಚು ಇಳಿಯುತ್ತದೆ. ಡೆಮೊಗ್ರಾಫಿಕ್ ಅಂಡ್ ಹೆಲ್ತ್ ಸರ್ವೆ ಎಂಬ ಸಮೀಕ್ಷಾಮಾಲೆ ಇದನ್ನು ಬೆಳೆಸಿ, ಪ್ರತಿ ಒಡಹುಟ್ಟಿನ ಹೆಸರು, ವಯಸ್ಸು, ಸತ್ತಿದ್ದರೆ ಎಷ್ಟು ವರ್ಷದ ಹಿಂದೆ, ಎಷ್ಟನೇ ವಯಸ್ಸಿನಲ್ಲಿ ಎಂದು ಸಾಲುಸಾಲಾಗಿ ಬರೆದುಕೊಳ್ಳುವ ಕ್ರಮವನ್ನು ರೂಢಿಗೆ ತಂದಿತು. ಆಫ್ರಿಕಾದ ಹಲವು ದೇಶಗಳಲ್ಲಿ ದೊಡ್ಡವರ ಸಾವಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಸಾಲುಗಳಿಂದಲೇ ಬಂದದ್ದು. ನಮ್ಮ ದೇಶ ಹಿಡಿದ ದಾರಿ ಬೇರೆ. ಮೊದಲ ಎರಡು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ‘ಕಳೆದ ಎರಡು ವರ್ಷದಲ್ಲಿ ಈ ಮನೆಯಲ್ಲಿ ಯಾರಾದರೂ ತೀರಿಕೊಂಡರೇ’ ಎಂದು ಕೇಳಿ ಲಕ್ಷ ಹೆರಿಗೆಗೆ 424 ಮತ್ತು 540 ತಾಯಂದಿರ ಸಾವು ಎಂದು ಲೆಕ್ಕ ಹಾಕಿದವು. ಎರಡು ಅಂಕಿಗಳ ನಡುವಿನ ಏರಿಕೆ ನಿಜವೋ ಮಾದರಿಯ ಏರುಪೇರೋ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಆಮೇಲೆ ಭಾರ ಬಿದ್ದದ್ದು ಮಾದರಿ ನೋಂದಣಿ ಪದ್ಧತಿಯ, ಅಂದರೆ ಎಸ್‌ಆರ್‌ಎಸ್‌ನ, ಮೇಲೆ.

ಎಸ್‌ಆರ್‌ಎಸ್ ಇರುವಾಗ ಅಕ್ಕತಂಗಿಯರ ನೆನಪನ್ನು ಕೆದಕುವುದೇಕೆ ಎಂಬುದು ಮೊದಲ ಆಕ್ಷೇಪ, ಮತ್ತು ಅದು ಹಗುರವಾದುದಲ್ಲ. ದೇಶಾದ್ಯಂತ ಸುಮಾರು 8,850 ಘಟಕಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಜನರ ಹುಟ್ಟುಸಾವನ್ನು ಸ್ಥಳೀಯ ಎಣಿಕೆದಾರರೊಬ್ಬರು ಆಗಿಂದಾಗ್ಗೆ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬೇರೆಯಾಗಿ ಬಂದು ಕೇಳುತ್ತಾರೆ. ಎರಡು ಪಟ್ಟಿ ತಾಳೆಯಾಗದಿದ್ದರೆ ಮತ್ತೆ ಮನೆಗೆ ಹೋಗುತ್ತಾರೆ. ಇದರಿಂದ ಕರ್ನಾಟಕದ ತಾಯಿ ಮರಣ ಪ್ರಮಾಣ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿದಿದೆ ಎಂದು ತಿಳಿಯುತ್ತದೆ. ಆದರೆ 69 ಇಡೀ ರಾಜ್ಯದ ಸಂಖ್ಯೆ. ಉಡುಪಿಯನ್ನೂ ಕಲಬುರಗಿಯನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ತೂಗಿದ ತೂಕ ಅದು. ಜಿಲ್ಲೆಗೆ ಎಷ್ಟು ಎಂಬುದನ್ನು ಎಸ್‌ಆರ್‌ಎಸ್ ಹೇಳುವುದಿಲ್ಲ, ಅಷ್ಟು ದೊಡ್ಡ ಮಾದರಿಯೂ ಅದಕ್ಕಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿತು, ವಿಚಾರಣೆ ನಡೆಯಿತು. ಒಂದೇ ಕಡೆ, ಒಂದೇ ವಾರ ಆದ ಸಾವು ಕಣ್ಣಿಗೆ ಬೀಳುತ್ತದೆ. ಚದುರಿದ ಸಾವುಗಳನ್ನು ಜಿಲ್ಲೆಯ ಮಟ್ಟದಲ್ಲಿ ಒಟ್ಟುಗೂಡಿಸಿ ನೋಡುವ ಕನ್ನಡಿ ಇನ್ನೂ ಮಸುಕು.

ನೋಂದಣಿ ಪುಸ್ತಕ ಆ ಕೆಲಸ ಮಾಡಬಾರದೇ? 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ದಾಖಲಾಗುವುದು ಅದು ನಡೆದ ಜಾಗದಲ್ಲಿ. ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರದ ಹೆಣ್ಣುಮಗಳೊಬ್ಬಳ ಹೆರಿಗೆ ಕಷ್ಟವಾಗಿ, ಆಕೆಯನ್ನು ಕಲಬುರಗಿಯ ದೊಡ್ಡಾಸ್ಪತ್ರೆಗೆ ಸಾಗಿಸಿ, ಅಲ್ಲಿ ಆಕೆ ತೀರಿಕೊಂಡರೆ ಆ ಸಾವು ನಗರದ ಪುಸ್ತಕಕ್ಕೆ ಸೇರುತ್ತದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ದಿದ್ದರೆ ಬೇರೆ ರಾಜ್ಯದ ಪುಸ್ತಕಕ್ಕೆ. ವಿಳಾಸದ ಕಾಲಂ ಇದೆ ನಿಜ. ಆದರೆ ವಿಳಾಸ ಹಿಡಿದು ಸಾವನ್ನು ಊರಿಗೆ ಮರಳಿಸುವ ಕೆಲಸ ಯಾರ ಮೇಜಿನ ಮೇಲಿದೆ? ಮನೆಯ ಸಾವು ಕೇಳುವ ಪದ್ಧತಿಗಂತೂ ನಮ್ಮ ಬಾಣಂತನದ ರೂಢಿಯೇ ಎದುರು ನಿಲ್ಲುತ್ತದೆ. ಚೊಚ್ಚಲಿಗೆ ತವರಿಗೆ ಬಂದವಳು ಅಲ್ಲೇ ಕಣ್ಮುಚ್ಚಿದರೆ ಅವಳು ಯಾವ ಮನೆಯವಳು? ತವರಿನವರು ‘ಆಕಿ ಕೊಟ್ಟ ಮನಿಯಾಕಿ’ ಎನ್ನುತ್ತಾರೆ. ಗಂಡನ ಮನೆಯಲ್ಲಿ ಅಷ್ಟರಲ್ಲಿ ಎರಡನೇ ಮದುವೆಯ ಮಾತು ನಡೆದಿರುತ್ತದೆ, ಇಲ್ಲವೇ ಮನೆಯೇ ಬೇರೆ ಬೇರೆಯಾಗಿರುತ್ತದೆ. ಎರಡು ಮನೆಯ ನಡುವಿನ ಹೊಸ್ತಿಲಲ್ಲಿ ಸತ್ತವಳು ಎರಡೂ ಕಡೆಯ ಲೆಕ್ಕದಿಂದ ಜಾರಿಹೋಗಬಹುದು, ಅಥವಾ ಎರಡು ಕಡೆಯೂ ಎಣಿಕೆಯಾಗಬಹುದು. ಅಕ್ಕನನ್ನು ಕೇಳಿದರೆ ಈ ತೊಡಕಿಲ್ಲ. ಅವಳು ಎಲ್ಲೇ ಸಾಯಲಿ, ತಂಗಿ ತಂಗಿಯೇ. ಒಡಹುಟ್ಟಿದವರ ಪದ್ಧತಿಯ ನಿಜವಾದ ಬಲ ಇಲ್ಲಿದೆ ಎಂಬುದು ನನ್ನ ಎಣಿಕೆ; ಖರ್ಚಿನ ಉಳಿತಾಯ ಆಮೇಲಿನ ಮಾತು.

ಹಾಗಾದರೆ ಆ ಪಟ್ಟಿಯನ್ನು ನಂಬಬಹುದೇ? ಇಂಥ ಸಮೀಕ್ಷೆಗಳ ವರದಿಯ ಕೊನೆಯಲ್ಲಿ ದತ್ತಾಂಶದ ಪೂರ್ಣತೆಯ ಕೋಷ್ಟಕ ಇರುತ್ತದೆ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದವರು ಇಷ್ಟು, ವಯಸ್ಸು ಬಿಟ್ಟುಹೋದವರು ಇಷ್ಟು ಎಂದು ಅದು ಹೇಳುತ್ತದೆ. ನೂರಕ್ಕೆ ಒಂದೆರಡು ಮಾತ್ರ ಖಾಲಿ ಇದ್ದರೆ ಓದುವವನಿಗೆ ಸಮಾಧಾನ. ಸಮಸ್ಯೆ ಇರುವುದೇ ಈ ಸಮಾಧಾನದಲ್ಲಿ. ಆ ಕೋಷ್ಟಕ ಅಳೆಯುವುದು ಬರೆದ ಹೆಸರಿನ ಮುಂದಿನ ಚೌಕ ತುಂಬಿದೆಯೇ ಎಂಬುದನ್ನು. ಬರೆಯದೇ ಹೋದ ಹೆಸರಿಗೆ ಚೌಕವೇ ಇಲ್ಲ, ಆದ್ದರಿಂದ ಖಾಲಿಯೂ ಇಲ್ಲ. ಎಂಟರಲ್ಲಿ ಐದನ್ನೇ ಹೇಳಿದವಳ ಅರ್ಜಿ ನೂರಕ್ಕೆ ನೂರು ಪೂರ್ಣವಾಗಿ ಕಾಣುತ್ತದೆ. ತುಂಬಿದ ಅರ್ಜಿಯನ್ನೇ ತುಂಬಿದ ಪಟ್ಟಿ ಎಂದುಕೊಳ್ಳುವ ಈ ಎಡವಟ್ಟನ್ನು ಬಯಲಿಗೆಳೆಯಲು ಹೊರಗಿನ ಸಾಕ್ಷಿ ಬೇಕು. ಅಂಥದೊಂದು ಸಿಕ್ಕದ್ದು ಸೆನೆಗಾಲ್‌ನ ಬಂದಾಫಾಸಿಯಲ್ಲಿ. ದಶಕಗಳಿಂದ ಮನೆಮನೆಯ ಹುಟ್ಟುಸಾವು, ವಂಶಾವಳಿ ಬರೆದಿಟ್ಟಿರುವ ಪ್ರದೇಶವದು. ಸ್ಟೆಫಾನ್ ಹೆಲ್ಲೆರಿಂಜರ್ ಮತ್ತು ಸಂಗಡಿಗರು ಅಲ್ಲಿನ 268 ಹೆಂಗಸರ ಉತ್ತರವನ್ನು ಆ ದಾಖಲೆಗೆ ಜೋಡಿಸಿ 2014ರಲ್ಲಿ ಪ್ರಕಟಿಸಿದರು. ಬದುಕಿರುವ ಅಕ್ಕತಂಗಿಯರಲ್ಲಿ ಶೇ. 3.8, ಸತ್ತವರಲ್ಲಿ ಶೇ. 9.1, ಊರು ಬಿಟ್ಟುಹೋದವರಲ್ಲಿ ಶೇ. 16.6 ಮಂದಿಯ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಇಲ್ಲದವರನ್ನು ಸೇರಿಸಿದ್ದು ಕಡಿಮೆ. ವಯಸ್ಸಿನ ತಪ್ಪೂ ಕೂಡಿ, ದೊಡ್ಡವರ ಸಾವಿನ ಸಂಭವ ನಿಜಕ್ಕಿಂತ ಶೇ. 20ರಷ್ಟು ಕಡಿಮೆ ಬಂತು.

ಬಂದಾಫಾಸಿಯ ಅಂಕಿಯನ್ನು ಎತ್ತಿ ಕಲಬುರಗಿಯ ಮೇಲೆ ಹೊರಿಸುವ ಹಾಗಿಲ್ಲ. ಪಟ್ಟಿ ಎಲ್ಲಿ ಹರಿಯುತ್ತದೆ ಎಂಬುದನ್ನು ಆಯಾ ಊರಿನ ಬಂಧುತ್ವ, ಭಾಷೆ ನಿರ್ಧರಿಸುತ್ತವೆ. ಕನ್ನಡದಲ್ಲಿ ಕಾಕಾನ ಮಗನೂ ಅಣ್ಣ, ದೊಡ್ಡಪ್ಪನ ಮಗನೂ ಅಣ್ಣ, ಚಿಗವ್ವನ ಮಗಳೂ ತಂಗಿ. ಸೋದರಮಾವನ ಮಕ್ಕಳು, ಅತ್ತೆಯ ಮಕ್ಕಳು ಮಾತ್ರ ಬೇರೆ ಸಾಲಿನವರು, ಲಗ್ನ ಮಾಡಬಹುದಾದವರು. ದ್ರಾವಿಡ ಬಂಧುತ್ವದ ಈ ವಿಂಗಡಣೆಯನ್ನು ಇರಾವತಿ ಕರ್ವೆಯವರಿಂದ ಥಾಮಸ್ ಟ್ರಾಟ್‌ಮನ್‌ವರೆಗೆ ಅನೇಕರು ವಿವರಿಸಿದ್ದಾರೆ. ಸಮೀಕ್ಷೆಯ ಕಡೆಯಿಂದ ನೋಡಿದರೆ ಇದರ ಅರ್ಥ ಒಂದೇ: ‘ಅಣ್ಣತಮ್ಮಂದಿರು ಎಷ್ಟು’ ಎಂದು ಬರಿದೆ ಕೇಳಿದರೆ ಒಟ್ಟು ಕುಟುಂಬದಲ್ಲಿ ಬೆಳೆದವಳು ಹನ್ನೆರಡು ಎಂದಾಳು. ಬಂದಾಫಾಸಿಯಲ್ಲಿ ಸೇರಿಕೆ ಅಪರೂಪವಾಗಿರಬಹುದು. ಇಲ್ಲಿ ಎಚ್ಚರ ತಪ್ಪಿದರೆ ಅದೇ ದೊಡ್ಡ ದೋಷ. ಜನರ ಬಳಿ ಇದಕ್ಕೆ ಮದ್ದೂ ಇದೆ. ‘ಖಾಸ ಅಣ್ಣ’, ‘ಸ್ವಂತ ತಂಗಿ’, ದಖ್ಖನಿ ಉರ್ದುವಿನಲ್ಲಿ ‘ಸಗಾ ಭಾಯಿ’ ಎಂಬ ಮಾತುಗಳು ಬಜಾರದಲ್ಲಿ ದಿನವೂ ಓಡಾಡುತ್ತವೆ. ಆದರೆ ‘ಖಾಸ’ ಎಂದರೂ ತಂದೆ ಒಂದು, ತಾಯಿ ಎರಡು ಇರುವ ಮನೆಯ ಮಕ್ಕಳು ಒಳಗೆ ಬಂದುಬಿಡುತ್ತಾರೆ. ಮಲತಾಯಿಯ ಮಕ್ಕಳನ್ನು ಬೇರೆ ಎನ್ನುವುದು ಹಲವರಿಗೆ ನಾಚಿಕೆಯ ವಿಷಯ. ತಾಯಿ ಮರುಮದುವೆಯಾದಲ್ಲಿ ಮೊದಲ ಗಂಡನ ಮಕ್ಕಳು ಹೊರಗೆ ಉಳಿಯುತ್ತಾರೆ. ಸಮೀಕ್ಷೆಗೆ ಬೇಕಾದದ್ದು ತಾಯಿಯ ಹೊಟ್ಟೆ. ಅದಕ್ಕೆ ಇಲ್ಲಿನವರ ನುಡಿಗಟ್ಟೇ ಸರಿಯಾದ ಪ್ರಶ್ನೆ: ‘ನಿಮ್ಮವ್ವನ ಹೊಟ್ಟೀಲೆ ಹುಟ್ಟಿದವರು ಎಷ್ಟು ಮಂದಿ? ಮೊದಲನೇದು ಯಾರು? ಅವರ ಬೆನ್ನಿಗೆ ಬಿದ್ದವರು ಯಾರು?’ ಬೆನ್ನಿನಿಂದ ಬೆನ್ನಿಗೆ ಹೋದರೆ ನಡುವಿನ ತೂತು ತಾನಾಗಿ ಕಾಣುತ್ತದೆ. ‘ಇವರಿಬ್ಬರ ನಡುವೆ ಆರು ವರ್ಷ ಅಂತರ ಅದ, ನಡುವ ಯಾರೂ ಇರಲಿಲ್ಲೇನು?’ ಎಂದು ಕೇಳುವ ಅವಕಾಶ ಅಲ್ಲಿ ಹುಟ್ಟುತ್ತದೆ. ಸೆನೆಗಾಲ್‌ನ ನಿಯಾಖಾರ್‌ನಲ್ಲಿ ನೆನಪಿಗೆ ಇಂಥ ಕೊಕ್ಕೆಗಳನ್ನು ಕೊಟ್ಟ ಹೊಸ ಪ್ರಶ್ನಾವಳಿಯೊಂದು ಹಳೆಯದಕ್ಕಿಂತ ಉತ್ತಮ ಫಲ ಕೊಟ್ಟಿದೆ.

ಆ ತೂತಿನಲ್ಲಿ ಹೆಚ್ಚಾಗಿ ಇರುವುದು ಕೂಸಾಗಿದ್ದಾಗಲೇ ಹೋದವರು. ಹೇಳುವವಳು ಹುಟ್ಟುವ ಮೊದಲೇ ಹುಟ್ಟಿ ಸತ್ತ ಅಣ್ಣನ ಹೆಸರೇ ಅವಳಿಗೆ ಗೊತ್ತಿಲ್ಲದಿರಬಹುದು. ಎಷ್ಟೋ ಕೂಸುಗಳು ಹೆಸರಿಡುವ ಮುಂಚೆಯೇ ಹೋದವು. ನಮ್ಮ ಹಳ್ಳಿಗಳ ಹೆಸರುಗಳು ಈ ಸಾವುಗಳ ಗುರುತನ್ನು ಬೇರೆ ಬಗೆಯಲ್ಲಿ ಹೊತ್ತುಕೊಂಡಿವೆ. ಸಾಲಾಗಿ ಮಕ್ಕಳು ಹೋದ ಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುವುದು, ಹೆಣ್ಣೇ ಹುಟ್ಟಿದವೆಂದು ಸಾಕವ್ವ ಎನ್ನುವುದು ಹಳೆಯ ರೂಢಿ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದರಿಂದ ಪ್ರತಿ ತಿಪ್ಪಣ್ಣನ ಹಿಂದೆ ಸತ್ತ ಅಣ್ಣಂದಿರಿದ್ದಾರೆ ಎನ್ನಲಾಗದು. ಆದರೂ ಪಟ್ಟಿಯಲ್ಲಿ ಅಂಥ ಹೆಸರು ಬಂದಾಗ ಸಂದರ್ಶಕಿ ಒಂದು ಗಳಿಗೆ ನಿಂತು, ‘ಇವನಕಿಂತ ಮೊದಲು ಯಾರಾದರೂ ಹೋಗಿದ್ದರೇನು?’ ಎಂದು ಕೇಳಿದರೆ ನಷ್ಟವಿಲ್ಲ. ಇಷ್ಟು ಹೇಳಿದ ಮೇಲೆ ಒಂದು ತಣ್ಣನೆಯ ಮಾತನ್ನೂ ಹೇಳಬೇಕು. ದೊಡ್ಡವರ ಸಾವಿನ ಲೆಕ್ಕಕ್ಕೆ ಈ ಕೂಸುಗಳ ಮರೆವು ಏನೂ ಮಾಡುವುದಿಲ್ಲ. ಹದಿನೈದು ದಾಟಿದವರನ್ನಷ್ಟೇ ಎಣಿಸುವ ಸೂತ್ರಕ್ಕೆ ಎರಡು ತಿಂಗಳಲ್ಲಿ ಹೋದ ಮಗು ಸಂಬಂಧಪಟ್ಟದ್ದಲ್ಲ. ಪಟ್ಟಿಯ ಒಟ್ಟು ಉದ್ದ ನೋಡಿ ಪೂರ್ಣ, ಅಪೂರ್ಣ ಎನ್ನುವವರು ಇಲ್ಲಿ ತಪ್ಪುತ್ತಾರೆ. ಇಪ್ಪತ್ತೈದರ ಹರೆಯದಲ್ಲಿ ಸತ್ತ ಒಬ್ಬ ತಂಗಿಯನ್ನು ಬಿಟ್ಟರೆ ಆಗುವ ಹಾನಿ, ಕೂಸುಗಳಾಗಿ ಹೋದ ಮೂವರನ್ನು ಬಿಟ್ಟರೆ ಆಗುವುದಿಲ್ಲ. ಯಾವ ಕೆಲಸಕ್ಕೆ ಪೂರ್ಣ ಎಂದು ಮೊದಲು ಕೇಳಿಕೊಳ್ಳಬೇಕು.

ಊರು ಬಿಟ್ಟವರ ವಿಷಯ ಇದಕ್ಕಿಂತ ಸೂಕ್ಷ್ಮ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಈ ಸೀಮೆಯ ಹಳೆಯ ಕಥೆ. ಬಂದಾಫಾಸಿಯಲ್ಲಿ ಊರು ಬಿಟ್ಟ ಆರು ಅಕ್ಕತಂಗಿಯರಲ್ಲಿ ಒಬ್ಬಳು ಪಟ್ಟಿಯಿಂದ ಬಿಟ್ಟುಹೋದಳು. ಬದುಕಿರುವ ವಲಸಿಗರು ಬಿಟ್ಟುಹೋದರೆ ಸಾವಿನ ಪ್ರಮಾಣ ಹೆಚ್ಚಾಗಿ ಕಾಣುತ್ತದೆ. ಸತ್ತವರು ಬಿಟ್ಟುಹೋದರೆ ಕಡಿಮೆ. ಎರಡೂ ಒಟ್ಟಿಗೆ ನಡೆದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿ, ಸಂಖ್ಯೆ ಅಂದವಾಗಿ ಬರುತ್ತದೆ. ಅಂದವಾದ ಸಂಖ್ಯೆಯನ್ನು ಯಾರೂ ಅನುಮಾನಿಸುವುದಿಲ್ಲ. ಆದರೂ ಇಲ್ಲಿ ವಲಸಿಗರ ಮರೆವು ಅಷ್ಟಿರಲಾರದು ಎಂದು ನನಗನಿಸುತ್ತದೆ. ಟಿಮ್ ಡೈಸನ್ ಮತ್ತು ಮಿಕ್ ಮೂರ್ 1983ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದಂತೆ, ದಕ್ಷಿಣದ ಹೆಣ್ಣಿಗೆ ಮದುವೆಯ ನಂತರವೂ ತವರಿನ ನಂಟು ಉತ್ತರದವಳಿಗಿಂತ ಗಟ್ಟಿ. ಅಕ್ಕನ ಮಗಳನ್ನೋ ಮಾವನ ಮಗಳನ್ನೋ ತರುವ ರೂಢಿ ಕರ್ನಾಟಕದಲ್ಲಿ ಎಷ್ಟು ವ್ಯಾಪಕವೆಂದರೆ 1980ರ ದಶಕದಲ್ಲಿ ಎ.ಎಚ್. ಬಿಟಲ್ಸ್, ಎನ್. ಅಪ್ಪಾಜಿ ರಾವ್ ಮೊದಲಾದವರ ಅಧ್ಯಯನಗಳಲ್ಲಿ ಮೂರರಲ್ಲೊಂದರ ಹತ್ತಿರ ಮದುವೆಗಳು ರಕ್ತಸಂಬಂಧದವು. ಅಕ್ಕನೇ ಅತ್ತೆಯಾಗಿರುವ ಮನೆಯಲ್ಲಿ ಅಕ್ಕನನ್ನು ಮರೆಯುವುದು ಹೇಗೆ? ಪಂಚಮಿಗೆ ತವರಿಗೆ ಬರುವ ದಾರಿ ತೆರೆದೇ ಇರುವಲ್ಲಿ ಯಾರು ಬರಲಿಲ್ಲ ಎಂಬುದು ಪ್ರತಿ ವರ್ಷ ಲೆಕ್ಕಕ್ಕೆ ಬರುತ್ತದೆ. ಇದು ಊಹೆ, ತರ್ಕಬದ್ಧವಾದ ಊಹೆ. ಸಾಕ್ಷಿಯ ಜಾಗದಲ್ಲಿ ಇದನ್ನು ಕೂಡಿಸಬಾರದು.

ಹೊರಗಿನ ಸಾಕ್ಷಿ ಇಲ್ಲದ ಕಡೆ ಪರಿಣತರು ಪಟ್ಟಿಯೊಳಗಿನ ಲಕ್ಷಣ ನೋಡಿ ತೀರ್ಪು ಕೊಡುತ್ತಾರೆ. ಒಡಹುಟ್ಟಿದವರ ಜನ್ಮವರ್ಷದ ನಡುಬಿಂದು ಹೇಳುವವರದಕ್ಕೆ ಹತ್ತಿರವಿದೆಯೇ, ವಯಸ್ಸುಗಳು ಐದು ಹತ್ತರ ಅಪವರ್ತ್ಯಗಳಲ್ಲಿ ಜಮೆಯಾಗಿವೆಯೇ ಎಂಬಂಥ ಪರೀಕ್ಷೆಗಳಿವೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಲಿಂಗಾನುಪಾತ. ಹುಟ್ಟುವಾಗ ನೂರು ಹೆಣ್ಣಿಗೆ ಸುಮಾರು 105 ಗಂಡು. ಪಟ್ಟಿಯಲ್ಲೂ ಅಷ್ಟೇ ಇದ್ದರೆ ಸರಿ, ಅಣ್ಣತಮ್ಮಂದಿರು ಕಡಿಮೆ ಬಿದ್ದರೆ ಅವರನ್ನು ಮರೆತಿದ್ದಾರೆ ಎಂದು ಅರ್ಥ. ಈ ಪರೀಕ್ಷೆಯನ್ನು ನಮ್ಮಲ್ಲಿ ಹಾಗೇ ತಂದು ಹಚ್ಚಿದರೆ ನಿರಪರಾಧಿಗೆ ಶಿಕ್ಷೆಯಾದೀತು. ಹದಿನಾರು ಮನೆಗಳನ್ನು ತೆಗೆದುಕೊಳ್ಳಿ. ಗಂಡು ಹುಟ್ಟುವವರೆಗೆ ಮಕ್ಕಳು, ಗಂಡು ಹುಟ್ಟಿದ ಕೂಡಲೇ ಸಾಕು, ಹೆಚ್ಚೆಂದರೆ ನಾಲ್ಕು ಎಂಬುದು ಎಲ್ಲರ ನಿಯಮ. ಪ್ರತಿ ಹೆರಿಗೆಯಲ್ಲೂ ಗಂಡು ಹೆಣ್ಣು ಸಮಸಮ ಸಂಭವ. ಎಂಟು ಮನೆಗಳಲ್ಲಿ ಮೊದಲೇ ಗಂಡು, ಅಲ್ಲಿಗೆ ನಿಂತಿತು. ನಾಲ್ಕರಲ್ಲಿ ಒಂದು ಹೆಣ್ಣು, ಆಮೇಲೆ ಗಂಡು. ಎರಡರಲ್ಲಿ ಎರಡು ಹೆಣ್ಣು, ಒಂದು ಗಂಡು. ಒಂದರಲ್ಲಿ ಮೂರು ಹೆಣ್ಣು, ಒಂದು ಗಂಡು. ಕೊನೆಯದರಲ್ಲಿ ನಾಲ್ಕೂ ಹೆಣ್ಣು. ಒಟ್ಟು ಹದಿನೈದು ಗಂಡು, ಹದಿನೈದು ಹೆಣ್ಣು. ಒಂದು ಕೂದಲೂ ಆಚೀಚೆಯಿಲ್ಲ. ಈಗ ಆ ಹದಿನೈದು ಹೆಣ್ಣುಮಕ್ಕಳನ್ನು ಕೂರಿಸಿ ಒಡಹುಟ್ಟಿದವರನ್ನು ಕೇಳಿ. ಯಾರೂ ಯಾರನ್ನೂ ಮರೆಯದಿದ್ದರೂ ಪಟ್ಟಿಯಲ್ಲಿ 11 ಅಣ್ಣತಮ್ಮಂದಿರು, 22 ಅಕ್ಕತಂಗಿಯರು ಬರುತ್ತಾರೆ. ಗಂಡು ಬೇಕೆಂಬ ಹಂಬಲವಿರುವ ಸಮಾಜದಲ್ಲಿ ಹೆಣ್ಣು ಹುಟ್ಟುವುದು ಹೆಣ್ಣುಗಳ ನಡುವೆ. ನಿಜ ಜೀವನದಲ್ಲಿ ನಿಯಮ ಇಷ್ಟು ಬಿಗಿಯಲ್ಲ, ಆದ್ದರಿಂದ ವಾಲಿಕೆಯೂ ಇಷ್ಟಿರುವುದಿಲ್ಲ. ಆದರೆ ದಿಕ್ಕು ಇದೇ. ಭ್ರೂಣಹತ್ಯೆ ಬಂದ ಮೇಲಿನ ತಲೆಮಾರಿನಲ್ಲಿ ಹುಟ್ಟಿನ ಅನುಪಾತವೇ ಕದಡಿರುವುದರಿಂದ ಗೊಂದಲ ಇನ್ನೊಂದು ಸುತ್ತು ಹೆಚ್ಚುತ್ತದೆ. ಸಾಕವ್ವನ ಸೀಮೆಯಲ್ಲಿ 105ರ ಅಳತೆಗೋಲು ನಡೆಯದು. ಗಂಡಸರನ್ನೂ ಹೆಂಗಸರನ್ನೂ ಕೇಳಿ, ಹೇಳುವವರು ಎಷ್ಟನೆಯ ಮಗು ಎಂಬುದನ್ನು ಹಿಡಿದು ಲೆಕ್ಕ ಮಾಡಿದರೆ ಮಾತ್ರ ಏನಾದರೂ ತಿಳಿದೀತು.

ಎಲ್ಲರೂ ಎತ್ತುವ ಇನ್ನೊಂದು ಆಕ್ಷೇಪ: ಎಲ್ಲ ಒಡಹುಟ್ಟುಗಳೂ ಸತ್ತ ಮನೆಯ ಸುದ್ದಿ ಹೇಳಲು ಯಾರೂ ಉಳಿದಿಲ್ಲವಲ್ಲ, ಅಂದರೆ ಅತಿ ಹೆಚ್ಚು ಸಾವು ಕಂಡ ಮನೆಯೇ ಕಾಣೆ. ಕೇಳಲು ನೇರವಾಗಿದೆ, ಆದರೆ ಗಣಿತ ಬೇರೆ ಹೇಳುತ್ತದೆ. ಇಬ್ಬಿಬ್ಬರು ಅಕ್ಕತಂಗಿಯರಿರುವ ನಾಲ್ಕು ಮನೆ, ಸಾವಿನ ಸಂಭವ ಅರ್ಧಕ್ಕರ್ಧ ಎನ್ನಿ. ಒಂದು ಮನೆಯಲ್ಲಿ ಇಬ್ಬರೂ ಬದುಕಿದ್ದಾರೆ: ಇಬ್ಬರೂ ಪರಸ್ಪರ ‘ಅದಾಳ’ ಎನ್ನುತ್ತಾರೆ. ಎರಡು ಮನೆಗಳಲ್ಲಿ ಒಬ್ಬೊಬ್ಬಳು ಉಳಿದಿದ್ದಾಳೆ: ಇಬ್ಬರೂ ‘ಹೋದಳು’ ಎನ್ನುತ್ತಾರೆ. ನಾಲ್ಕನೆಯ ಮನೆ ಮೌನ. ಎರಡು ‘ಅದಾಳ’, ಎರಡು ‘ಹೋದಳು’. ಅರ್ಧಕ್ಕರ್ಧ, ಸರಿಯಾದ ಉತ್ತರ! ಹೇಳುವವಳು ತನ್ನನ್ನು ತಾನು ಎಣಿಸಿಕೊಳ್ಳದಿರುವುದು ಮೌನದ ಮನೆಯನ್ನು ಸರಿದೂಗಿಸುತ್ತದೆ. ಟ್ರಸೆಲ್ ಮತ್ತು ರೊಡ್ರಿಗೆಸ್ 1990ರಲ್ಲಿ ತೋರಿಸಿದ್ದು ಇದನ್ನೇ, ಒಂದು ಷರತ್ತಿನೊಂದಿಗೆ: ಕುಟುಂಬದ ಗಾತ್ರಕ್ಕೂ ಸಾವಿಗೂ ನಂಟಿರಬಾರದು. ಗಾಕಿಡು ಮತ್ತು ಕಿಂಗ್ 2006ರಲ್ಲಿ ಆ ಷರತ್ತನ್ನೇ ಪ್ರಶ್ನಿಸಿ, ಉಳಿದವರ ಸಂಖ್ಯೆಗೆ ತಕ್ಕಂತೆ ಉತ್ತರಗಳಿಗೆ ತೂಕ ಕೊಡುವ ಕ್ರಮ ಸೂಚಿಸಿದರು. ಬ್ರೂನೊ ಮಾಸ್ಕೆಲಿಯೆ 2013ರಲ್ಲಿ ಮತ್ತೆ ತೂಗಿ ನೋಡಿ, ಈ ದೋಷ ಭಾವಿಸಿದಷ್ಟು ದೊಡ್ಡದಲ್ಲ ಎಂಬ ಕಡೆಗೆ ವಾಲಿದರು. ನಾನೂ ಅವರ ಪಕ್ಷ. ಬಡ ಮನೆಗಳಲ್ಲಿ ಮಕ್ಕಳೂ ಹೆಚ್ಚು, ಸಾವೂ ಹೆಚ್ಚು ಎಂಬ ನಂಟು ಕಲಬುರಗಿಯಲ್ಲಿ ಇದ್ದೇ ಇರುತ್ತದೆ. ಅದನ್ನು ತೂಕದಿಂದ ಸರಿಪಡಿಸಬಹುದು. ಬರೆಯದೇ ಹೋದ ಹೆಸರಿಗೆ ಯಾವ ತೂಕ ಕೊಡುತ್ತೀರಿ?

ನಿಜವಾಗಿ ಸೋಲೊಪ್ಪಬೇಕಾದ ಆಕ್ಷೇಪ ಸಂಖ್ಯೆಯದು. 2011ರ ಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25,66,326. ಸಾವಿರಕ್ಕೆ ಇಪ್ಪತ್ತು ಹುಟ್ಟು ಎಂದಿಟ್ಟುಕೊಂಡು ರಾಜ್ಯದ 69ನ್ನೇ ಹಚ್ಚಿದರೆ ವರ್ಷಕ್ಕೆ 35ರ ಆಸುಪಾಸು ತಾಯಂದಿರ ಸಾವು. ನಾಲ್ಕು ಸಾವಿರ ಹೆಂಗಸರನ್ನು ಕೇಳಿ, ಒಬ್ಬೊಬ್ಬಳಿಗೂ ಪ್ರಾಯಕ್ಕೆ ಬಂದ ಇಬ್ಬರು ಅಕ್ಕತಂಗಿಯರೆಂದು ಹಿಡಿದು, ಏಳು ವರ್ಷ ಹಿಂದಕ್ಕೆ ಹೋದರೂ ಸಿಗುವುದು ಸುಮಾರು ಐವತ್ತು ಸಾವಿರ ಸ್ತ್ರೀವರ್ಷ (ಒಬ್ಬ ಹೆಂಗಸು ಬದುಕಿದ ಒಂದು ವರ್ಷ ಒಂದು ಸ್ತ್ರೀವರ್ಷ), ಮೂರೂವರೆ ಸಾವಿರ ಹೆರಿಗೆ, ಎರಡೋ ಮೂರೋ ಸಾವು. ಒಂದು ಸಾವು ಹೆಚ್ಚುಕಡಿಮೆಯಾದರೆ ಜಿಲ್ಲೆಯ ಪ್ರಮಾಣ ಅರ್ಧದಷ್ಟು ಏರಿಳಿಯುತ್ತದೆ. ಪಟ್ಟಿ ನೂರಕ್ಕೆ ನೂರು ಪೂರ್ಣವಿದ್ದರೂ ಇದಕ್ಕೆ ಮದ್ದಿಲ್ಲ. ಗ್ರಹಾಂ ಅವರ ನಾಲ್ಕು ಪ್ರಶ್ನೆಗಳು ಹುಟ್ಟಿದ್ದು ಹೆರಿಗೆಯ ಸಾವು ಹೇರಳವಾಗಿದ್ದ ಕಾಲಕ್ಕೆ, ನೆಲಕ್ಕೆ. 1980ರ ದಶಕದಲ್ಲಿ ನಮ್ಮ ಗಡಿಯಾಚೆಯ ಅನಂತಪುರದಲ್ಲಿ ಜೆ.ಸಿ. ಭಾಟಿಯಾ ಲಕ್ಷಕ್ಕೆ 798 ಎಂದು ಕಂಡುಕೊಂಡರಲ್ಲ, ಅಂಥ ಕಾಲಕ್ಕೆ. ಆದರೆ ಅದೇ ನಾಲ್ಕು ಸಾವಿರ ಹೆಂಗಸರ ಪಟ್ಟಿಯಲ್ಲಿ ಹೆರಿಗೆಗೆ ಸಂಬಂಧಿಸದ ಸಾವುಗಳನ್ನೂ ಎಣಿಸಿ. ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಸಾವಿರಕ್ಕೆ ಒಂದೂವರೆ, ಗಂಡಸರಲ್ಲಿ ಎರಡೂವರೆ ಎಂದು ಅಂದಾಜಿಟ್ಟರೆ ಅಕ್ಕತಂಗಿಯರಲ್ಲಿ ಸುಮಾರು 75, ಅಣ್ಣತಮ್ಮಂದಿರಲ್ಲಿ 125 ಸಾವಿನ ವರದಿಗಳು. ರಸ್ತೆ, ಕುಡಿತ, ಹೃದಯ, ಸಾಲ, ಕ್ಷಯ ಇವೆಲ್ಲ ಹರೆಯದವರನ್ನು ಒಯ್ಯುವ ಬಗೆಯನ್ನು ಜಿಲ್ಲೆಯ ಮಟ್ಟದಲ್ಲಿ ಮಾತಾಡಲು ಇಷ್ಟು ಸಾಕು. ತಾಯಿ ಮರಣಕ್ಕೆಂದು ಹುಟ್ಟಿದ ಪದ್ಧತಿ ಇಲ್ಲಿ ತಾಯಿ ಮರಣ ಬಿಟ್ಟು ಮಿಕ್ಕೆಲ್ಲಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದು ಸ್ವಲ್ಪ ವಿಚಿತ್ರವೇ. ಹೆಣ್ಣುಗಂಡಿನ ಸಾವಿನ ಅಂತರದಿಂದಲೇ ತಾಯಿ ಮರಣವನ್ನು ಅಂದಾಜು ಮಾಡುವ ದಾರಿಯನ್ನು ಪಿ.ಎನ್. ಮಾರಿ ಭಟ್ 1990ರ ದಶಕದಲ್ಲಿ ತೋರಿಸಿದ್ದರು. ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರದ ಜೊತೆ ಅವರ ಹೆಸರು ಬೆಸೆದುಕೊಂಡಿದೆ. ಈ ಪಟ್ಟಿ ಅಂಥ ಲೆಕ್ಕಕ್ಕೂ ಕಚ್ಚಾ ಸಾಮಗ್ರಿ. ಕರ್ನಾಟಕದ ಒಟ್ಟು ಫಲವಂತಿಕೆ ದರ 1992-93ರ 2.85ರಿಂದ 1.7ಕ್ಕೆ ಇಳಿದಿರುವುದರಿಂದ ಮುಂದಿನ ತಲೆಮಾರಿನಲ್ಲಿ ಕೇಳಲು ಒಡಹುಟ್ಟುಗಳೇ ಇರಲಾರರು; ಬಳಸುವುದಾದರೆ ಈಗ.

ಕಾರಣದ ಪ್ರಶ್ನೆಗೆ ಬಂದರೆ ಮರೆವಿನ ಜೊತೆಗೆ ಮುಚ್ಚಿಡುವಿಕೆಯೂ ಸೇರುತ್ತದೆ. ತಂಗಿ ಎರಡು ತಿಂಗಳ ಬಸುರಿಯಾಗಿದ್ದದ್ದು ಅಕ್ಕನಿಗೆ ತಿಳಿದಿರಬೇಕೆಂದೇನಿಲ್ಲ. ಸುಟ್ಟುಕೊಂಡು ಸತ್ತಳು, ಬಾವಿಗೆ ಬಿದ್ದಳು ಎಂಬಲ್ಲಿ ಮಾತು ತಟ್ಟನೆ ನಿಲ್ಲುತ್ತದೆ. ಮದುವೆಯಾಗಿ ಏಳು ವರ್ಷದೊಳಗಿನ ಅಸಹಜ ಸಾವು ಕಾನೂನಿನ ಕಣ್ಣಿನಲ್ಲಿ ಬೇರೆ. ಹಿಂದೆ ಭಾರತೀಯ ದಂಡ ಸಂಹಿತೆಯ 304-ಬಿ, ಈಗ ನ್ಯಾಯ ಸಂಹಿತೆಯ 80ನೇ ಕಲಂ. ಕೋರ್ಟಿನಲ್ಲಿ ಒಂದು ಹೇಳಿಕೆ ಕೊಟ್ಟವರು, ಇಲ್ಲವೇ ಪಂಚರ ಮುಂದೆ ರಾಜಿಯಾದವರು, ಕಾಗದ ಹಿಡಿದು ಬಂದ ಅಪರಿಚಿತಳಿಗೆ ಯಾವ ಉತ್ತರ ಕೊಟ್ಟಾರು? ಸಾವನ್ನು ಹೇಳಬಹುದು, ವರ್ಷವನ್ನು ಜರುಗಿಸಬಹುದು. ಆದ್ದರಿಂದ ಕಾರಣದ ಕಾಲಂ ಮೊದಲ ಭೇಟಿಯಲ್ಲಿ ಬೇಡವೇ ಬೇಡ ಎನ್ನುವವರ ಜೊತೆ ನಾನಿದ್ದೇನೆ. ಇದ್ದಾರೋ ಇಲ್ಲವೋ, ಯಾವಾಗ, ಎಷ್ಟು ವಯಸ್ಸು: ಇಷ್ಟೇ ಸಾಕು.

ಇನ್ನು ಪೂರ್ಣತೆಯನ್ನು ಅಳೆಯುವ ಬಗೆ. ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಕೊಟ್ಟ ಸೂತ್ರ ಎರಡು ಸ್ವತಂತ್ರ ಪಟ್ಟಿಗಳನ್ನು ಜೋಡಿಸಿ, ಎರಡರಲ್ಲೂ ಇಲ್ಲದವರನ್ನು ಅಂದಾಜು ಮಾಡುತ್ತದೆ. ಅದೇ ಚಂದ್ರಶೇಖರನ್ 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವನ್ನೂ ಮುನ್ನಡೆಸಿದರು. ಸೂತ್ರವನ್ನು ಇಬ್ಬರು ಅಕ್ಕತಂಗಿಯರಿಗೆ ಹಚ್ಚುವ ಆಸೆ ಸಹಜ. ಇಬ್ಬರೂ ಹೇಳಿದ್ದು 90 ಹೆಸರು, ಒಬ್ಬಳೇ ಹೇಳಿದ್ದು 6, ಇನ್ನೊಬ್ಬಳೇ ಹೇಳಿದ್ದು 4 ಎಂದಾದರೆ ಇಬ್ಬರೂ ಬಿಟ್ಟದ್ದು ಆರು ನಾಲ್ಕಲೇ ಇಪ್ಪತ್ನಾಲ್ಕನ್ನು 90ರಿಂದ ಭಾಗಿಸಿದಷ್ಟು, ಅಂದರೆ ಕಾಲುಭಾಗ ಮನುಷ್ಯ! ಇಷ್ಟು ಸಿಹಿ ಉತ್ತರವನ್ನು ನಂಬಬಾರದು. ಒಂದೇ ಮನೆಯಲ್ಲಿ ಬೆಳೆದವರ ಮರೆವೂ ಒಂದೇ. ಅಕ್ಕನಿಗೆ ಹೇಳದ ಸಾವನ್ನು ತಂಗಿಗೂ ಯಾರೂ ಹೇಳಿರುವುದಿಲ್ಲ. ಸ್ವತಂತ್ರವಾದ ಎರಡನೇ ಪಟ್ಟಿ ಇರುವುದು ತಾಯಿಯ ಬಳಿ. ಕುಟುಂಬ ಆರೋಗ್ಯ ಸಮೀಕ್ಷೆ ಹೆರಿಗೆಯ ಚರಿತ್ರೆ ಕೇಳುವುದು ನಲವತ್ತೊಂಬತ್ತರವರೆಗಿನ ಹೆಂಗಸರನ್ನು. ಅರವತ್ತರ ತಾಯಿ ಅದರ ಹೊರಗೆ. ಕಮಲಾಪುರ ತಾಲ್ಲೂಕಿನಲ್ಲಿ ಸಾವಿರ ತಾಯಂದಿರನ್ನು ಆರಿಸಿ, ಹಡೆದವರೆಲ್ಲರನ್ನೂ ಬರೆದುಕೊಂಡು, ಕಲಬುರಗಿ ನಗರಕ್ಕೆ ಕೊಟ್ಟ ಅವರ ಹೆಣ್ಣುಮಕ್ಕಳನ್ನು ಬೇರೆಯಾಗಿ, ತಾಯಿಯ ಉತ್ತರ ಗೊತ್ತಿಲ್ಲದ ಸಂದರ್ಶಕಿಯ ಕೈಲಿ ಕೇಳಿಸಬಹುದು. ತಾಯಿ ಬದುಕಿರುವ ಮನೆಗಳು ತುಸು ಅದೃಷ್ಟದ ಮನೆಗಳು ಎಂಬ ಕೊರತೆ ಇದಕ್ಕಿದೆ. ಹೋಲಿಸಬೇಕಾದದ್ದು ಹದಿನೈದು ದಾಟಿ ಸತ್ತವರನ್ನು ಮಾತ್ರ. ತಾಯಿ ಹೇಳಿದ ಇಪ್ಪತ್ತರಲ್ಲಿ ಮಗಳು ಒಂದನ್ನು ಬಿಟ್ಟರೆ ಈ ಪ್ರಶ್ನೆಯನ್ನು ಜಿಲ್ಲಾ ಸಮೀಕ್ಷೆಗೆ ಧೈರ್ಯವಾಗಿ ಸೇರಿಸಬಹುದು. ಬಂದಾಫಾಸಿಯಂತೆ ಹತ್ತಕ್ಕೊಂದು ಬಿಟ್ಟರೆ ತಿದ್ದುಪಡಿ ಹಾಕಿ ಬಳಸಬೇಕು. ಐದಕ್ಕೊಂದಾದರೆ ಇಲ್ಲಿ ಹೇಳಿದ್ದನ್ನೆಲ್ಲ ನಾನೇ ಹಿಂತೆಗೆದುಕೊಳ್ಳುತ್ತೇನೆ.

ಒಂದು ಸಣ್ಣ ವಿಷಯ ಉಳಿಯಿತು, ಹೊತ್ತಿನದು. ಆ ಮಗಳು ಸೂಪರ್ ಮಾರ್ಕೆಟ್‌ನಲ್ಲಿ ಬುಟ್ಟಿ ಇಡುವವಳಾದರೆ ಬೆಳಗಿನ ಜಾವಕ್ಕೆ ಮನೆ ಬಿಟ್ಟವಳು ಸಂಜೆಗೇ ಸಿಗುವುದು. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸಂದರ್ಶಕಿಗೆ ಎದುರಾಗುವವರು ಅತ್ತೆ: ‘ಬರ್ರಿ ಅಕ್ಕೋರೆ, ಕೂಡ್ರಿ. ಆಕಿ ತವರಮನಿ ಮಂದಿ ನನಗೂ ಗೊತ್ತದ, ನಾನೇ ಹೇಳ್ತೀನಿ. ಮೂರು ಮಂದಿ ಅಕ್ಕತಂಗೇರು ಅದಾರ.’ ಚೌಕ ತುಂಬಿಸಿ ಮುಂದಿನ ಮನೆಗೆ ಹೋಗುವುದು ಸುಲಭ. ಸಂಜೆ ಮತ್ತೆ ಬರುವ ಬಸ್ಸಿನ ಖರ್ಚನ್ನು ಸಮೀಕ್ಷೆಯ ಅಂದಾಜುಪಟ್ಟಿಯಲ್ಲಿ ಮೊದಲೇ ಹಾಕಿರಬೇಕು.